ದಾನಗ್ರಾಹಿ ಎಂದರೆ ಯಾರು?

ಕಳೆದ ಶ್ರಾವಣ ಮಾಸದಲ್ಲಿ ಹಿರಿಯರೊಬ್ಬರು ಸಲಹೆ ಕೇಳಲು ನಮ್ಮಲ್ಲಿಗೆ ಬಂದಿದ್ದರು. ವಯಸ್ಸು 84. ಚೀಲದೊಳಗಿಂದ ಬಿಳಿಯ ವಸ್ತ್ರದಲ್ಲಿ ಸುತ್ತಿದ ಕಾಗದವೊಂದನ್ನು ತೆಗೆದು ಮೆಲ್ಲನೆ ನಮ್ಮ ಮುಂದಿಟ್ಟರು. ಅದು 1996ರಲ್ಲಿ ನೋಂದಣಿಯಾದ ದಾನಪತ್ರ. ಸ್ವಂತ ದುಡಿಮೆಯಿಂದ ಕಟ್ಟಿಸಿದ ಮನೆಯನ್ನು ಅವರು ಮಗಳ ಹೆಸರಿಗೆ ಬರೆದಿದ್ದರು. ತಾವು ಬದುಕಿರುವವರೆಗೆ ಅದೇ ಮನೆಯಲ್ಲಿ ವಾಸಿಸುವ ಹಕ್ಕನ್ನು ಮಾತ್ರ ಉಳಿಸಿಕೊಂಡಿದ್ದರು.

“ಮಗಳಿಗೆ ಕೊಟ್ಟಾಗಿದೆ. ನಾನು ಹೋದ ಮೇಲೆ ಅವಳನ್ನು ಯಾರೂ ಕೇಳುವಂತಿಲ್ಲವಲ್ಲ?” ಎಂದರು.

“ಈ ಸಂಗತಿ ಮಗಳಿಗೆ ತಿಳಿದಿದೆಯೇ?” ಎಂದು ಕೇಳಿದೆವು.

“ಇಲ್ಲರಿ. ಗಂಡುಮಕ್ಕಳಿಗೆ ಗೊತ್ತಾದರೆ ಮನಸ್ತಾಪ ಬಂದೀತೆಂದು ಯಾರಿಗೂ ಹೇಳಲಿಲ್ಲ. ಪತ್ರ ಅಂದಿನಿಂದ ಟ್ರಂಕಿನಲ್ಲೇ ಇದೆ” ಎಂದರು.

ಪತ್ರದಲ್ಲಿ ಸಹಿಯಿದೆ, ಸಾಕ್ಷಿಗಳಿದ್ದಾರೆ, ಸರಕಾರದ ಮುದ್ರೆಯಿದೆ. ಆದರೆ ದಾನ ನಡೆದಿದೆಯೇ? ಕೊಡುವವರು ಕೊಟ್ಟರು, ತೆಗೆದುಕೊಳ್ಳಬೇಕಾದವರಿಗೆ ವಿಷಯವೇ ತಿಳಿಯದು. ಸುಮಾರು ಮೂವತ್ತು ವರ್ಷಗಳಿಂದ ಮನೆಯ ಖಾತೆಯೂ ತೆರಿಗೆಯ ರಶೀದಿಯೂ ತಂದೆಯ ಹೆಸರಿನಲ್ಲಿಯೇ ಇವೆ. ಆ ಹಿರಿಯರಿಗೆ ಉತ್ತರ ಹೇಳುವ ಮುನ್ನ ಕಾನೂನಿನ ಒಂದು ಪದದ ಅರ್ಥವನ್ನು ಅವರೊಡನೆ ಕುಳಿತು ವಿಚಾರಿಸಬೇಕಾಯಿತು. ಆ ಪದವೇ ‘ದಾನಗ್ರಾಹಿ’. ನಮ್ಮ ಅನೇಕ ಮನೆಗಳಲ್ಲಿ ಇಂತಹ ಪತ್ರಗಳು ಪೆಟ್ಟಿಗೆ ಸೇರಿ ಕುಳಿತಿರುವುದರಿಂದ, ಅಂದು ಆಡಿದ ಮಾತುಗಳನ್ನು ಓದುಗ ಬಂಧುಗಳ ಮುಂದೆಯೂ ಇಡುವುದು ಉಚಿತವೆಂದು ಭಾವಿಸಿದ್ದೇವೆ.

ಪದದ ಅರ್ಥ

ದಾನಪತ್ರದಲ್ಲಿ ಇಬ್ಬರಿರುತ್ತಾರೆ. ಕೊಡುವವರು ದಾನಿ, ಪಡೆಯುವವರು ದಾನಗ್ರಾಹಿ. ಪತ್ರ ಬರಹಗಾರರು ಇವರನ್ನೇ ‘ಬರೆದುಕೊಟ್ಟವರು’, ‘ಬರೆಸಿಕೊಂಡವರು’ ಎಂದು ಬರೆಯುತ್ತಾರೆ. ಇಂಗ್ಲಿಷ್ ಬಲ್ಲ ವಕೀಲರ ಬಾಯಲ್ಲಿ ಇವರು ಡೋನರ್ ಮತ್ತು ಡೋನೀ. ‘ಗ್ರಾಹಿ’ ಎಂಬುದು ಹಿಡಿ, ಸ್ವೀಕರಿಸು ಎಂಬರ್ಥದ ಧಾತುವಿನಿಂದ ಬಂದ ಮಾತು. ಪಾಣಿಗ್ರಹಣ, ಗ್ರಾಹಕ, ಸಂಗ್ರಹ ಮುಂತಾದ ಪದಗಳೂ ಅದೇ ಧಾತುವಿನವು. ಹೀಗಾಗಿ ದಾನಗ್ರಾಹಿ ಎಂದರೆ ಯಾರ ಹೆಸರಿಗೆ ಬರೆದಿದೆಯೋ ಅವರು ಎಂದಷ್ಟೇ ಅಲ್ಲ. ಕೊಟ್ಟದ್ದನ್ನು ಕೈನೀಡಿ ಹಿಡಿದವರು ಎಂದು ಅರ್ಥ. ಈ ಸಣ್ಣ ಭೇದದಲ್ಲಿಯೇ ಇಡೀ ಕಾನೂನು ಅಡಗಿದೆ.

ನಮ್ಮ ದೇಶದಲ್ಲಿ ದಾನದ ವಿಷಯವನ್ನು ನಿಯಂತ್ರಿಸುವುದು 1882ರ ಸ್ವತ್ತು ಹಸ್ತಾಂತರ ಅಧಿನಿಯಮ. ಅದರ 122ನೆಯ ಪ್ರಕರಣ ದಾನವೆಂದರೇನೆಂಬುದನ್ನು ಹೇಳುತ್ತದೆ. ಈಗ ಅಸ್ತಿತ್ವದಲ್ಲಿರುವ ಚರ ಅಥವಾ ಸ್ಥಿರ ಸ್ವತ್ತನ್ನು, ಸ್ವಇಚ್ಛೆಯಿಂದ, ಯಾವ ಪ್ರತಿಫಲವನ್ನೂ ಪಡೆಯದೆ, ಒಬ್ಬರು ಮತ್ತೊಬ್ಬರಿಗೆ ವರ್ಗಾಯಿಸುವುದು, ಮತ್ತು ಅದನ್ನು ದಾನಗ್ರಾಹಿಯು ತಾನಾಗಿಯೋ ಅವನ ಪರವಾಗಿ ಇನ್ನೊಬ್ಬರೋ ಸ್ವೀಕರಿಸುವುದು: ಇವೆಲ್ಲವೂ ಕೂಡಿದರೆ ದಾನ. ಸ್ವೀಕಾರವು ದಾನಿಯ ಜೀವಿತಕಾಲದಲ್ಲಿಯೇ, ಆತನಿಗೆ ಕೊಡುವ ಸಾಮರ್ಥ್ಯವಿರುವಾಗಲೇ ನಡೆಯಬೇಕು. ಸ್ವೀಕರಿಸುವ ಮುನ್ನ ದಾನಗ್ರಾಹಿ ತೀರಿಕೊಂಡರೆ ದಾನವೇ ಅಸಿಂಧು. ಅಂದರೆ, ಕೊಡುವುದು ಅರ್ಧ ಕಾರ್ಯ. ಉಳಿದರ್ಧವನ್ನು ಪೂರ್ಣಗೊಳಿಸುವವರು ಪಡೆಯುವವರು.

ಕಲ್ಯಾಣದ ಪಂಡಿತರ ಮಾತು

ಇದು ಆಂಗ್ಲರು ಹೊಸದಾಗಿ ತಂದ ವಿಚಾರವೇನೂ ಅಲ್ಲ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಕಲ್ಯಾಣದಿಂದ ರಾಜ್ಯವಾಳಿದನು. ಆತನ ಕಾಲದಲ್ಲಿ ಅದೇ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಮುಂದೆ ಕೆಲವೇ ದಶಕಗಳಲ್ಲಿ ಶರಣಸಂಕುಲ ನೆರೆದದ್ದೂ ಆ ನಗರದಲ್ಲಿಯೇ ಎಂಬುದನ್ನು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ.

ಸ್ವೀಕಾರವು ಮೂರು ಬಗೆಯದೆಂದು ವಿಜ್ಞಾನೇಶ್ವರನು ವಿವರಿಸಿದನು. ಇದು ನನ್ನದು ಎಂದು ಮನಸ್ಸಿನಲ್ಲಿ ನಿಶ್ಚಯಿಸುವುದು ಮಾನಸಿಕ. ಬಾಯಿಂದ ಹೇಳುವುದು ವಾಚಿಕ. ಕೈಯಿಂದ ಮುಟ್ಟಿ ಪಡೆಯುವುದು ಕಾಯಿಕ. ಭೂಮಿಯನ್ನು ಕೈಯಲ್ಲಿ ಹಿಡಿಯುವಂತಿಲ್ಲವಾದ್ದರಿಂದ, ಅದರ ಫಲವನ್ನು ಸ್ವಲ್ಪವಾದರೂ ಅನುಭವಿಸಿದಾಗಲೇ ಕಾಯಿಕ ಸ್ವೀಕಾರ ಪೂರ್ಣವಾಗುತ್ತದೆಂದು ಆತನ ಮತ. ಬಂಗಾಳದ ಜೀಮೂತವಾಹನನು ‘ದಾಯಭಾಗ’ದಲ್ಲಿ ದಾನಿಯ ತ್ಯಾಗಕ್ಕೇ ಹೆಚ್ಚಿನ ಬೆಲೆ ಕೊಟ್ಟನು. ನಮ್ಮ ನಾಡಿನ ಪಂಡಿತನಾದರೋ ಪಡೆಯುವವನ ಒಪ್ಪಿಗೆಗೆ ತೂಕ ಕೊಟ್ಟನು. ನಮ್ಮ ಶಾಸನಗಳಲ್ಲಿ ಪ್ರತಿಗ್ರಹಿಯ ಪಾದಗಳನ್ನು ತೊಳೆದು, ಕೈಗೆ ನೀರೆರೆದು, ಧಾರಾಪೂರ್ವಕವಾಗಿ ಭೂಮಿಯನ್ನು ಕೊಟ್ಟ ವಿವರಗಳು ಹೇರಳವಾಗಿವೆ. ಆ ನೀರು ಬೀಳಬೇಕಾದರೆ ಕೆಳಗೊಂದು ಕೈ ಚಾಚಿರಲೇಬೇಕಷ್ಟೆ.

ಇಂದಿನ ಕಾನೂನು ಒಂದು ವಿಷಯದಲ್ಲಿ ವಿಜ್ಞಾನೇಶ್ವರನಿಂದ ಬೇರೆಯಾಗಿದೆ. ಸ್ಥಿರಾಸ್ತಿಯ ದಾನಕ್ಕೆ ಸ್ವಾಧೀನವನ್ನು ಬಿಟ್ಟುಕೊಡಲೇಬೇಕೆಂಬ ನಿಯಮ ಈಗಿಲ್ಲ. ದಾನಿಯು ಬದುಕಿರುವವರೆಗೆ ಮನೆಯಲ್ಲಿಯೇ ಉಳಿದು ಬಾಡಿಗೆಯನ್ನೂ ತಾನೇ ಪಡೆಯುವೆನೆಂದು ಬರೆದಿದ್ದರೂ, ನೋಂದಾಯಿತ ದಾನವು ಸಿಂಧುವೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ರೇಣಿಕುಂಟ್ಲ ರಾಜಮ್ಮ ಅವರ ಮೊಕದ್ದಮೆಯಲ್ಲಿ ತೀರ್ಪಿತ್ತಿದೆ. ಆದರೆ ಸ್ವೀಕಾರ ಮಾತ್ರ ಅಂದಿನಂತೆ ಇಂದಿಗೂ ಅನಿವಾರ್ಯ.

ಸ್ವೀಕಾರ ಹೇಗೆ?

ಸ್ಥಿರಾಸ್ತಿಯ ದಾನಪತ್ರಕ್ಕೆ ದಾನಿಯ ಸಹಿ, ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಮತ್ತು ನೋಂದಣಿ ಕಡ್ಡಾಯ. ಇದು 123ನೆಯ ಪ್ರಕರಣದ ವಿಧಿ. ಒಡವೆ, ವಾಹನ, ಹಣ ಮುಂತಾದ ಚರಾಸ್ತಿಯನ್ನು ನೋಂದಾಯಿತ ಪತ್ರದಿಂದಲೋ ಕೈಗೆ ಕೊಡುವುದರಿಂದಲೋ ದಾನ ಮಾಡಬಹುದು. ಸ್ವೀಕಾರ ಇಂತಹುದೇ ರೀತಿಯಲ್ಲಿ ಇರಬೇಕೆಂದು ಕಾನೂನು ವಿಧಿಸಿಲ್ಲ. ದಾನಗ್ರಾಹಿಯು ಪತ್ರಕ್ಕೆ ಸಹಿ ಹಾಕಬಹುದು, ಮೂಲಪತ್ರವನ್ನು ತನ್ನ ವಶಕ್ಕೆ ಪಡೆಯಬಹುದು, ಖಾತೆ ಬದಲಾವಣೆಗೆ ಅರ್ಜಿ ಕೊಡಬಹುದು, ಕಂದಾಯ ಕಟ್ಟಬಹುದು, ಬಾಡಿಗೆ ವಸೂಲು ಮಾಡಬಹುದು. ಇಂತಹ ನಡೆವಳಿಕೆಯಿಂದ ನ್ಯಾಯಾಲಯವು ಒಪ್ಪಿಗೆಯನ್ನು ಊಹಿಸುತ್ತದೆ. ಆದರೆ ಊಹೆಗೆ ಆಸ್ಪದವನ್ನೇಕೆ ಕೊಡಬೇಕು? “ಈ ದಾನವನ್ನು ನಾನು ಸಂತೋಷದಿಂದ ಸ್ವೀಕರಿಸಿದ್ದೇನೆ” ಎಂಬ ವಾಕ್ಯ ಪತ್ರದಲ್ಲಿಯೇ ಇದ್ದು, ದಾನಗ್ರಾಹಿಯ ಸಹಿಯೂ ಇದ್ದರೆ ಮುಂದಿನ ಎಷ್ಟೋ ವ್ಯಾಜ್ಯಗಳು ಅಲ್ಲಿಯೇ ನಿಲ್ಲುತ್ತವೆ.

ದಾನಗ್ರಾಹಿಯು ಸಣ್ಣ ಮಗುವಾಗಿದ್ದರೆ? ಅಪ್ರಾಪ್ತ ವಯಸ್ಕರು ಕರಾರು ಮಾಡಿಕೊಳ್ಳಲಾರರು. ಆದರೆ ದಾನವನ್ನು ಪಡೆಯಬಲ್ಲರು. ಸ್ವೀಕಾರವನ್ನು ಅವರ ಪರವಾಗಿ ತಂದೆತಾಯಿಗಳು ಮಾಡಬಹುದು. 2003ರಲ್ಲಿ ಕೆ. ಬಾಲಕೃಷ್ಣನ್ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಅಪ್ರಾಪ್ತ ವಯಸ್ಸಿನ ಮಗನಿಗೆ ತಾಯಿ ಕೊಟ್ಟ ದಾನವನ್ನು ಎತ್ತಿಹಿಡಿದು, ಆಕೆ ಅದನ್ನು ಮುಂದೆ ತಾನೇ ರದ್ದುಪಡಿಸಿದ್ದು ನಡೆಯದೆಂದು ಹೇಳಿತು. ಮೊಮ್ಮಕ್ಕಳ ಹೆಸರಿಗೆ ಬರೆಯುವ ಅಜ್ಜ ಅಜ್ಜಿಯರು ಇದನ್ನು ನೆನಪಿನಲ್ಲಿಡುವುದು ಒಳಿತು: ಮಗುವೆಂದು ಭಾವಿಸಿ ಬರೆದದ್ದನ್ನು ಮಗುವಿನಿಂದ ಮರಳಿ ಕಸಿದುಕೊಳ್ಳಲಾಗದು.

ಇಬ್ಬರಿಗೆ ಕೂಡಿಯೇ ಬರೆದು, ಒಬ್ಬರು ಬೇಡವೆಂದರೆ, ಬೇಡವೆಂದವರ ಪಾಲಿನ ಮಟ್ಟಿಗೆ ದಾನ ಅಸಿಂಧು. ಅದು ದಾನಿಯ ಬಳಿಯೇ ಉಳಿಯುತ್ತದೆ. ಒಪ್ಪಿದವರಿಗೆ ತಾನಾಗಿಯೇ ಸೇರುವುದಿಲ್ಲ.

ಪಡೆದವರ ಹೊಣೆ

ದಾನಗ್ರಾಹಿಯು ಕೇವಲ ಲಾಭ ಪಡೆಯುವವನೆಂಬ ತಪ್ಪುತಿಳಿವಳಿಕೆ ಸಮಾಜದಲ್ಲಿ ವ್ಯಾಪಕವಾಗಿದೆ. ಕಾನೂನು ಹಾಗೆ ಭಾವಿಸುವುದಿಲ್ಲ. ಒಂದೇ ಪತ್ರದಲ್ಲಿ ಹಲವು ಸ್ವತ್ತುಗಳನ್ನು ಒಟ್ಟಾಗಿ ಒಬ್ಬನಿಗೆ ಕೊಟ್ಟು, ಅವುಗಳಲ್ಲೊಂದು ಹೊಣೆಯಿಂದ ಕೂಡಿದ್ದರೆ, ಹೊಣೆಯನ್ನು ಬಿಟ್ಟು ಲಾಭವನ್ನು ಮಾತ್ರ ಆರಿಸಿಕೊಳ್ಳಲು 127ನೆಯ ಪ್ರಕರಣವು ಅವಕಾಶ ಕೊಡುವುದಿಲ್ಲ. ತೆಗೆದುಕೊಂಡರೆ ಎಲ್ಲವನ್ನೂ ತೆಗೆದುಕೊಳ್ಳಬೇಕು. ಇಲ್ಲವೇ ಎಲ್ಲವನ್ನೂ ಬಿಡಬೇಕು. ಬೇರೆ ಬೇರೆಯಾದ ಸ್ವತಂತ್ರ ದಾನಗಳಾದರೆ ಮಾತ್ರ ಒಂದನ್ನು ಒಪ್ಪಿ ಇನ್ನೊಂದನ್ನು ನಿರಾಕರಿಸಬಹುದು. ಅಪ್ರಾಪ್ತ ವಯಸ್ಸಿನಲ್ಲಿ ಹೊಣೆಯುಳ್ಳ ದಾನ ಪಡೆದವರನ್ನು ಆ ಹೊಣೆ ಬಂಧಿಸದು. ಆದರೆ ವಯಸ್ಸಿಗೆ ಬಂದು, ಹೊಣೆಯನ್ನು ತಿಳಿದೂ ಸ್ವತ್ತನ್ನು ಉಳಿಸಿಕೊಂಡರೆ ಆಗ ಬಂಧಿಸುತ್ತದೆ.

ಒಬ್ಬರು ತಮ್ಮ ಸಮಸ್ತ ಸ್ವತ್ತನ್ನೂ ಒಬ್ಬರಿಗೇ ಕೊಟ್ಟರೆ, ಪಡೆದವರು ‘ಸಾರ್ವತ್ರಿಕ ದಾನಗ್ರಾಹಿ’ಯಾಗುತ್ತಾರೆ. ದಾನದ ವೇಳೆಗೆ ದಾನಿಗಿದ್ದ ಎಲ್ಲ ಸಾಲಗಳಿಗೂ ಹೊಣೆಗಳಿಗೂ, ಬಂದ ಸ್ವತ್ತಿನ ಮಿತಿಯೊಳಗೆ, ಅವರೇ ಬಾಧ್ಯರೆಂದು 128ನೆಯ ಪ್ರಕರಣ ಹೇಳುತ್ತದೆ. ಸೊಸೈಟಿಯ ಸಾಲ, ಕೈಗಡ, ಬ್ಯಾಂಕಿನ ಬಾಕಿ ಇವೆಲ್ಲವನ್ನೂ ಕೇಳಿ ತಿಳಿದುಕೊಂಡು ಸಹಿ ಹಾಕುವುದು ಪಡೆಯುವವರ ಕರ್ತವ್ಯ.

ತೆರಿಗೆಯ ಹೊರೆಯೂ ಈಗ ಪಡೆಯುವವರ ಕಡೆಗೆ ಸರಿದಿದೆ. 1958ರ ದಾನ ತೆರಿಗೆ ಅಧಿನಿಯಮವು ಕೊಡುವವರ ಮೇಲೆ ತೆರಿಗೆ ಹಾಕುತ್ತಿತ್ತು. 1998ರ ಅಕ್ಟೋಬರ್ 1ರಿಂದ ಅದು ನಿಂತಿತು. 2004ರಿಂದ ಆದಾಯ ತೆರಿಗೆಯ ಕಾನೂನು ಪಡೆಯುವವರನ್ನು ನೋಡತೊಡಗಿತು. ತಂದೆತಾಯಿ, ಪತಿ ಪತ್ನಿ, ಒಡಹುಟ್ಟಿದವರು ಮುಂತಾದ ನಿರ್ದಿಷ್ಟ ಬಂಧುಗಳಿಂದ ಬಂದುದಕ್ಕೆ ತೆರಿಗೆಯಿಲ್ಲ. ಮದುವೆಯ ಸಂದರ್ಭದಲ್ಲಿ ವಧೂವರರಿಗೆ ಬಂದುದಕ್ಕೂ ಇಲ್ಲ. ಇತರರಿಂದ ವರ್ಷದಲ್ಲಿ 50,000 ರೂಪಾಯಿಗಳಿಗಿಂತ ಹೆಚ್ಚಿನ ಹಣ ಉಚಿತವಾಗಿ ಬಂದರೆ ಅದನ್ನು ಆದಾಯವೆಂದೇ ಎಣಿಸಲಾಗುತ್ತದೆ.

ಮದುವೆಯ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕು. ತವರಿನವರೂ ಬಂಧುಗಳೂ ವಧುವಿಗೆಂದು ಕೊಟ್ಟ ಒಡವೆ ವಸ್ತುಗಳ ದಾನಗ್ರಾಹಿ ವಧುವೇ ಹೊರತು ಅತ್ತೆಯಾಗಲಿ ಮಾವನಾಗಲಿ ಅಲ್ಲ. ಪೆಟ್ಟಿಗೆಯ ಕೀಲಿ ಯಾರ ಸೆರಗಿನಲ್ಲಿದ್ದರೂ ಒಡೆತನ ಆಕೆಯದೇ. ಸ್ತ್ರೀಧನವನ್ನು ಇಟ್ಟುಕೊಂಡ ಗಂಡನ ಮನೆಯವರು ಕೇವಲ ಅದರ ರಕ್ಷಕರು, ಕೇಳಿದಾಗ ಮರಳಿಸದಿದ್ದರೆ ಅದು ನಂಬಿಕೆದ್ರೋಹದ ಅಪರಾಧವಾಗಬಹುದು ಎಂದು ಸರ್ವೋಚ್ಚ ನ್ಯಾಯಾಲಯವು 1985ರಲ್ಲಿಯೇ ಪ್ರತಿಭಾ ರಾಣಿ ಅವರ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿದೆ.

ಪಿತ್ರಾರ್ಜಿತವಾದರೆ?

ಸ್ವಯಾರ್ಜಿತ ಸ್ವತ್ತನ್ನು ಯಾರಿಗೆ ಬೇಕಾದರೂ ಕೊಡಬಹುದು. ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಸ್ವತ್ತಿನ ಸಂಗತಿಯೇ ಬೇರೆ. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ತನ್ನ 2ನೆಯ ಪ್ರಕರಣದಲ್ಲಿ ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನೇ ಹೇಳಿ ನಮ್ಮ ಕುಟುಂಬಗಳಿಗೂ ಅನ್ವಯಿಸುವುದರಿಂದ ಈ ವಿಷಯವನ್ನು ನಾವು ಅರಿತಿರಬೇಕು. ಕುಟುಂಬದ ಯಜಮಾನನು ಪಿತ್ರಾರ್ಜಿತ ಸ್ಥಿರಾಸ್ತಿಯನ್ನು ಧರ್ಮಕಾರ್ಯಕ್ಕೆಂದು ಮಿತಿಯೊಳಗೆ ಕೊಡಬಲ್ಲನು. ಮಗಳಿಗೆ ಕುಟುಂಬದ ಸ್ಥಿತಿಗತಿಗೆ ತಕ್ಕ ಪ್ರಮಾಣದಲ್ಲಿ ಭೂಮಿ ಕೊಡುವುದು ಸಿಂಧುವೆಂದು ಗುರಮ್ಮ ಹಾಗೂ ಮಲ್ಲಪ್ಪ ಅವರ ನಡುವಣ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಒಪ್ಪಿತ್ತು. ಆ ತೀರ್ಪು 1964ರ ಕಾನೂನು ವರದಿಗಳಲ್ಲಿ ಅಚ್ಚಾಗಿದೆ. 2005ರ ತಿದ್ದುಪಡಿಯ ನಂತರವಂತೂ ಮಗಳು ಮಗನಂತೆಯೇ ಹುಟ್ಟಿನಿಂದ ಸಮಾನ ಪಾಲುದಾರಳಾಗಿದ್ದಾಳೆ. ಆಕೆಗೆ ಬರುವುದು ದಾನವಲ್ಲ, ಹಕ್ಕು.

ಆದರೆ ಪ್ರೀತಿಯೊಂದೇ ಕಾರಣವಾಗಿ ಹೊರಗಿನವರಿಗೆ ಪಿತ್ರಾರ್ಜಿತವನ್ನು ಬರೆದುಕೊಡುವಂತಿಲ್ಲ. ಕರ್ನಾಟಕದಿಂದಲೇ ಹೋದ ಕೆ.ಸಿ. ಲಕ್ಷ್ಮಣ ಅವರ ಮೇಲ್ಮನವಿಯಲ್ಲಿ ಸರ್ವೋಚ್ಚ ನ್ಯಾಯಾಲಯವು 2022ರ ಏಪ್ರಿಲ್‌ನಲ್ಲಿ, ಪ್ರೀತಿವಾತ್ಸಲ್ಯದಿಂದ ಕೊಟ್ಟ ದಾನವು ಧರ್ಮಕಾರ್ಯದ ದಾನವಾಗದೆಂದು ತೀರ್ಪು ನೀಡಿತು. ಹೀಗಾಗಿ ದಾನ ಪಡೆಯುವವರು ಮೊದಲು ಕೇಳಬೇಕಾದ ಪ್ರಶ್ನೆ, “ಕೊಡುವವರಿಗೆ ಇದನ್ನು ಕೊಡುವ ಅಧಿಕಾರವಿದೆಯೇ?” ಎಂಬುದು.

ಕೊಟ್ಟದ್ದು ಮರಳಿ ಬಂದೀತೇ?

ದಾನಪತ್ರಗಳ ವಿಷಯದಲ್ಲಿ ಅತಿ ಹೆಚ್ಚು ಕಣ್ಣೀರು ಹರಿಯುವುದು ಈ ಪ್ರಶ್ನೆಯಲ್ಲಿ. ಸ್ವೀಕಾರವಾಗಿ ಪೂರ್ಣಗೊಂಡ ದಾನವನ್ನು ಮನಸ್ಸು ಬದಲಾಯಿತೆಂದು ಹಿಂತೆಗೆದುಕೊಳ್ಳಲಾಗದು. ‘ನನಗೆ ಇಷ್ಟವಾದಾಗ ರದ್ದುಪಡಿಸುವೆ’ ಎಂದು ಬರೆದ ದಾನವು 126ನೆಯ ಪ್ರಕರಣದ ಮೇರೆಗೆ ಅಸಿಂಧು. ದಾನಿಯ ಇಚ್ಛೆಯನ್ನು ಅವಲಂಬಿಸದ ನಿರ್ದಿಷ್ಟ ಘಟನೆಯೊಂದು ನಡೆದರೆ ದಾನ ರದ್ದಾಗಬೇಕೆಂದು ಇಬ್ಬರೂ ಮೊದಲೇ ಒಪ್ಪಿದ್ದರೆ, ಅಥವಾ ಮೋಸ, ಬಲಾತ್ಕಾರ, ಅನುಚಿತ ಪ್ರಭಾವಗಳಿಂದ ಬರೆಸಿಕೊಂಡಿದ್ದರೆ ಮಾತ್ರ ದಾರಿಯುಂಟು.

ವಯೋವೃದ್ಧರ ಪಾಲಿಗೆ 2007ರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕ್ಷೇಮಾಭಿವೃದ್ಧಿ ಅಧಿನಿಯಮವು ಮತ್ತೊಂದು ಬಾಗಿಲನ್ನು ತೆರೆದಿದೆ. ಈ ಅಧಿನಿಯಮ ಜಾರಿಗೆ ಬಂದ ನಂತರ 60 ವರ್ಷ ತುಂಬಿದವರು, ತಮ್ಮ ಮೂಲಭೂತ ಅಗತ್ಯಗಳನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಸ್ವತ್ತನ್ನು ಕೊಟ್ಟು, ಪಡೆದವರು ನೋಡಿಕೊಳ್ಳದೆ ಹೋದರೆ, 23ನೆಯ ಪ್ರಕರಣದ ಪ್ರಕಾರ ಆ ವರ್ಗಾವಣೆಯನ್ನು ಅಸಿಂಧುವೆಂದು ಘೋಷಿಸುವಂತೆ ಕೋರಬಹುದು. ನಮ್ಮ ರಾಜ್ಯದಲ್ಲಿ ಉಪವಿಭಾಗಾಧಿಕಾರಿಗಳ ಅಧ್ಯಕ್ಷತೆಯ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬೇಕು.

ಇಲ್ಲಿ ‘ಷರತ್ತು’ ಎಂಬ ಮಾತೇ ಮುಖ್ಯ. ಅಂತಹ ಷರತ್ತು ಇತ್ತೆಂಬುದನ್ನು ತೋರಿಸದಿದ್ದರೆ 23ನೆಯ ಪ್ರಕರಣ ನೆರವಿಗೆ ಬಾರದೆಂದು 2022ರ ಡಿಸೆಂಬರ್‌ನಲ್ಲಿ ಸುದೇಶ್ ಛಿಕಾರಾ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. 2025ರ ಜನವರಿ 2ರಂದು ಊರ್ಮಿಳಾ ದೀಕ್ಷಿತ್ ಅವರ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು ತಾಯಿಯ ಕೈಹಿಡಿಯಿತು. ಕೊನೆಯವರೆಗೂ ನೋಡಿಕೊಳ್ಳುವೆನೆಂಬ ಮಾತು ಅಲ್ಲಿ ಪ್ರತ್ಯೇಕವಾದ ವಚನಪತ್ರದಲ್ಲಿತ್ತು. ಹಿರಿಯರ ರಕ್ಷಣೆಗಾಗಿ ಹುಟ್ಟಿದ ಕಾನೂನನ್ನು ಉದಾರವಾಗಿ ಅರ್ಥೈಸಬೇಕೆಂದು ಹೇಳಿದ ನ್ಯಾಯಾಲಯವು ದಾನವನ್ನು ರದ್ದುಪಡಿಸಿ ಸ್ವತ್ತಿನ ಸ್ವಾಧೀನವನ್ನು ತಾಯಿಗೆ ಮರಳಿಸಲು ಆದೇಶಿಸಿತು. ಆದರೂ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ: ನ್ಯಾಯಾಲಯದ ಉದಾರತೆಯನ್ನು ನಂಬಿ ಕೂಡಬೇಡಿ. ಊಟ, ಔಷಧಿ, ವಸತಿಯ ಹೊಣೆಯನ್ನು ದಾನಪತ್ರದಲ್ಲಿಯೇ ಬರೆಯಿಸಿ. ಹೀಗೆ ಬರೆಯಿಸುವುದು ಮಕ್ಕಳ ಮೇಲಿನ ಅಪನಂಬಿಕೆಯಲ್ಲ. ಒಳ್ಳೆಯ ಮಗನಿಗೆ ಆ ವಾಕ್ಯದಿಂದ ಯಾವ ಭಾರವೂ ಆಗದು.

ದಾನಗ್ರಾಹಿ ಬೇರೆ, ನಾಮಿನಿ ಬೇರೆ

ಪಡೆಯುವವರೆಲ್ಲರೂ ದಾನಗ್ರಾಹಿಗಳಲ್ಲ. ಮರಣಶಾಸನದ, ಎಂದರೆ ಉಯಿಲಿನ, ಮೂಲಕ ಪಡೆಯುವವರಿಗೆ ಬರೆದವರು ತೀರಿದ ನಂತರವಷ್ಟೇ ಹಕ್ಕು ಬರುತ್ತದೆ. ಬರೆದವರು ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಅದನ್ನು ಬದಲಾಯಿಸಬಹುದು. ದಾನಗ್ರಾಹಿಗೆ ಹಕ್ಕು ಬರುವುದು ದಾನಿಯ ಜೀವಿತಕಾಲದಲ್ಲಿಯೇ. ಪತ್ರದ ತಲೆಯ ಮೇಲೆ ‘ದಾನಪತ್ರ’ವೆಂದು ಬರೆದು, ಒಳಗೆ ತನ್ನ ಕಾಲಾನಂತರವೇ ಹಕ್ಕು ಬರತಕ್ಕದ್ದೆಂದು ಬರೆದರೆ ಗೊಂದಲ ತಪ್ಪದು. 2018ರ ಸರೋಜಿನಿ ಅಮ್ಮ ಅವರ ಮೊಕದ್ದಮೆಯಲ್ಲಿ ಅಂತಹ ಷರತ್ತುಬದ್ಧ ದಾನವು ಪೂರ್ಣವಾಗಿರಲಿಲ್ಲವೆಂದೂ ಆಕೆ ಅದನ್ನು ರದ್ದುಪಡಿಸಬಹುದಿತ್ತೆಂದೂ ತೀರ್ಪಾಯಿತು. ಹಕ್ಕನ್ನು ಇಂದೇ ಕೊಟ್ಟು ವಾಸವನ್ನು ಉಳಿಸಿಕೊಳ್ಳುವುದು ಬೇರೆ. ಹಕ್ಕನ್ನೇ ಸಾವಿನವರೆಗೆ ಮುಂದೂಡುವುದು ಬೇರೆ.

ನಾಮಿನಿಯ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. ವಿಮೆಯ ನಾಮಿನಿಯು ಹಣವನ್ನು ಪಡೆಯುವ ಕೈ ಮಾತ್ರ, ಒಡೆತನ ವಾರಸುದಾರರದೆಂದು ಸರ್ವೋಚ್ಚ ನ್ಯಾಯಾಲಯವು ಸರ್ಬತಿ ದೇವಿ ಅವರ ಮೊಕದ್ದಮೆಯಲ್ಲಿ ಹೇಳಿತ್ತು. 2015ರ ತಿದ್ದುಪಡಿಯು ತಂದೆತಾಯಿ, ಪತಿ ಪತ್ನಿ ಮತ್ತು ಮಕ್ಕಳು ವಿಮೆಯ ನಾಮಿನಿಗಳಾಗಿದ್ದರೆ ಅವರಿಗೇ ಹಣದ ಹಕ್ಕನ್ನು ಕೊಟ್ಟಿತು. ಷೇರುಗಳ ನಾಮಿನಿಯು ಮಾತ್ರ ಮಾಲೀಕನಾಗುವುದಿಲ್ಲವೆಂದು 2023ರಲ್ಲಿ ಮತ್ತೆ ತೀರ್ಪಾಗಿದೆ. ಆದ್ದರಿಂದ ನಾಮಿನಿಯ ಹೆಸರು ಬರೆದ ಮಾತ್ರಕ್ಕೆ ದಾನ ಮಾಡಿದಂತಾಗಲಿಲ್ಲ ಎಂಬುದನ್ನು ತಿಳಿಯಬೇಕು.

ಬರೆಯುವ ಮುನ್ನ

ಇಷ್ಟನ್ನು ತಿಳಿದ ಮೇಲೆ ಗೃಹಸ್ಥರು ಪಾಲಿಸಬೇಕಾದ ಕೆಲವು ಕ್ರಮಗಳನ್ನು ಹೇಳಿ ಮುಗಿಸುತ್ತೇವೆ. ಸ್ವತ್ತು ಸ್ವಯಾರ್ಜಿತವೋ ಪಿತ್ರಾರ್ಜಿತವೋ ಎಂಬುದನ್ನು ಮೂಲಪತ್ರಗಳಿಂದ ಮೊದಲು ಖಚಿತಪಡಿಸಿಕೊಳ್ಳಬೇಕು. ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿ ಪಹಣಿಗೂ ಖಾತೆಗೂ ಹೊಂದಿರಬೇಕು. ಸಾಕ್ಷಿಗಳು ದಾನಿಗಿಂತ ಕಿರಿಯರಾಗಿರುವುದು ಲೇಸು. ಮುಂದೆಂದಾದರೂ ದಾನಿಯು ‘ನಾನು ಬರೆದೇ ಇಲ್ಲ’ ಎಂದು ನಿರಾಕರಿಸಿದರೆ, ಬದುಕಿರುವ ಸಾಕ್ಷಿಗಳಲ್ಲಿ ಒಬ್ಬರನ್ನಾದರೂ ನ್ಯಾಯಾಲಯಕ್ಕೆ ಕರೆಸಬೇಕಾಗುತ್ತದೆ. ದಾನಗ್ರಾಹಿಯೇ ಸಾಕ್ಷಿಯಾಗಬಾರದು. ಕುಟುಂಬದೊಳಗಿನ ದಾನಕ್ಕೆ ನಮ್ಮ ರಾಜ್ಯದಲ್ಲಿ ಮುದ್ರಾಂಕ ಶುಲ್ಕದ ರಿಯಾಯಿತಿಯುಂಟು. ಅಂದಿನ ದರವನ್ನು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿಯೇ ಕೇಳಿ ತಿಳಿಯಬೇಕು. ನೋಂದಣಿಯಾದ ಮೇಲೆ ಹಕ್ಕು ಬದಲಾವಣೆ ಮಾಡಿಸಬೇಕು. ಖಾತೆಯಿಂದಲೇ ಒಡೆತನ ಹುಟ್ಟುವುದಿಲ್ಲವಾದರೂ, ಪಡೆದವರು ಒಪ್ಪಿದರೆಂಬುದಕ್ಕೆ ಅದಕ್ಕಿಂತ ಸುಲಭವಾದ ಸಾಕ್ಷ್ಯವಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಬರೆಯುವ ಮುನ್ನ ಪಡೆಯುವವರನ್ನು ಕೂರಿಸಿಕೊಂಡು ಮಾತನಾಡಬೇಕು.

ಈ ಕೊನೆಯ ಮಾತನ್ನೇ ನಾವು ಆ ಹಿರಿಯರಿಗೆ ಹೇಳಿದ್ದು. “ಯಜಮಾನರೇ, ತಾವು ಬರೆದಿದ್ದೀರಿ, ಆದರೆ ಇನ್ನೂ ಕೊಟ್ಟಿಲ್ಲ. ಮಗಳು ಒಪ್ಪುವ ಮುನ್ನ ತಮಗೇನಾದರೂ ಆದರೆ ಈ ಕಾಗದದಿಂದ ಆಕೆಗೆ ದೊರೆಯುವುದು ಮನೆಯಲ್ಲ, ಒಂದು ಮೊಕದ್ದಮೆ” ಎಂದೆವು. ಅವರು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಅನಂತರ ಪತ್ರವನ್ನು ಅದೇ ವಸ್ತ್ರದಲ್ಲಿ ಸುತ್ತಿಕೊಂಡು ಎದ್ದರು.

ದಸರೆಯ ಮುಂದೆ ಮಗಳೊಡನೆ ಮತ್ತೆ ಬಂದರು. ನಡೆದುದನ್ನು ಮಗಳೇ ಹೇಳಿದರು. ತಂದೆ ಪತ್ರವನ್ನು ಕೈಗೆ ಕೊಟ್ಟಾಗ ಆಕೆ ತಕ್ಷಣ ತೆಗೆದುಕೊಳ್ಳಲಿಲ್ಲವಂತೆ. “ಅಪ್ಪಾ, ಅಣ್ಣಂದಿರಿಗೆ ಹೇಳದೆ ನಾನು ಇದನ್ನು ಹೆಂಗ ತಗೊಳ್ಳಲಿ?” ಎಂದರಂತೆ. ಅಣ್ಣಂದಿರನ್ನು ಕರೆಸಿದರು. ಹಿರಿಯ ಮಗ ಎರಡು ದಿನ ಮಾತು ಬಿಟ್ಟ; ಮೂರನೆಯ ದಿನ ತಾನೇ ಬಂದು, “ಅಪ್ಪನ ದುಡಿಮೆ, ಅಪ್ಪನ ಮನಸ್ಸು” ಎಂದ. ಅಣ್ಣಂದಿರ ಎದುರಿಗೇ ಮಗಳು ಪತ್ರವನ್ನು ಎರಡೂ ಕೈಯಿಂದ ಪಡೆದು, ಒಪ್ಪಿದೆನೆಂದು ಬರೆದುಕೊಟ್ಟು, ಖಾತೆ ಬದಲಾವಣೆಗೆ ಅರ್ಜಿ ಸಲ್ಲಿಸಿದರು. ತಂದೆ ಅದೇ ಮನೆಯಲ್ಲಿ, ಅದೇ ಪಡಸಾಲೆಯ ಅದೇ ಮೂಲೆಯಲ್ಲಿ ಇಂದಿಗೂ ಇದ್ದಾರೆ.

ನಮ್ಮ ಪರಂಪರೆ ದಾಸೋಹವನ್ನು ದಾನಕ್ಕಿಂತ ಹಿರಿದೆಂದು ಬಗೆದುದು ಕೊಡುವವನಲ್ಲಿ ನಾನೆಂಬ ಭಾವ ಉಳಿಯಬಾರದೆಂದು. ಕಾನೂನು ಭಾವವನ್ನು ಅಳೆಯಲಾರದು. ಆದರೂ ಪಡೆಯುವವರನ್ನು ಕೇಳದೆ ಕೊಟ್ಟರೆ ಅದು ಕೊಟ್ಟಂತಲ್ಲವೆಂಬ ಒಂದು ಮಾತನ್ನು ಅದು ತನ್ನ ಒಣಭಾಷೆಯಲ್ಲಿ ಹೇಳುತ್ತಲೇ ಬಂದಿದೆ. ನಿಮ್ಮ ಮನೆಯ ಟ್ರಂಕಿನಲ್ಲಿಯೂ ಇಂತಹ ಪತ್ರವೊಂದಿದ್ದರೆ, ಅದನ್ನು ಇಂದೇ ಹೊರಗೆ ತೆಗೆಯಿರಿ. ಯಾರ ಹೆಸರು ಅದರಲ್ಲಿದೆಯೋ ಅವರ ಕೈಗೆ ಕೊಡಿರಿ.